ಪಾದ ಮುಳುಗುವಷ್ಟು ಹಿಮ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಮ್ಮ ಯಜಮಾನರು ಮುದ್ದುಕೃಷ್ಣ ಮದುವೆಯಾದ ಮೂರನೇ ದಿನಕ್ಕೆ ಕಂಡುಹಿಡಿದರು. ದೋಹಾದ ಇಂಡಿಯನ್ ಸ್ಕೂಲಿನ ಏಳನೇ ಕ್ಲಾಸಿನ ಮಕ್ಕಳಿಗೆ ಅಷ್ಟು ದಿನವೂ ಬೇಕಾಗಲಿಲ್ಲ. ಮೈಸೂರಿನಲ್ಲಿ ಹನ್ನೊಂದು ವರ್ಷ, ಇಲ್ಲಿ ಆರು ವರ್ಷ ಭೂಗೋಳ ಹೇಳಿಕೊಟ್ಟಿದ್ದೇನೆ. ತಪ್ಪು ಉತ್ತರ ಕಂಡರೆ ನನ್ನ ಕೆಂಪು ಪೆನ್ನು ನನ್ನನ್ನು ಕೇಳದೆಯೇ ಓಡಿಬಿಡುತ್ತದೆ.

2008ರ ಜನವರಿಯ ಯೂನಿಟ್ ಟೆಸ್ಟಿಗೆ ಇದ್ದದ್ದು ಮರುಭೂಮಿಯ ಪಾಠ. ಪ್ರಶ್ನೆ ಬಹಳ ಸುಲಭ. ಎರಡು ಕಾಲಂ, ಒಂದು ಬಿಸಿ ಮರುಭೂಮಿ, ಇನ್ನೊಂದು ಶೀತ ಮರುಭೂಮಿ. ಒಂದೊಂದಕ್ಕೂ ಉದಾಹರಣೆ ಕೊಟ್ಟು ಅಲ್ಲಿಯ ಹವೆ, ಗಿಡಮರಗಳ ಬಗ್ಗೆ ಬರೆಯಬೇಕು. ಬಿಸಿಗೆ ಸಹಾರಾ ಅಥವಾ ಅರೇಬಿಯಾ, ಶೀತಕ್ಕೆ ಲಡಾಖ್. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೇಳು ಮಕ್ಕಳು ಹಾಗೇ ಬರೆದಿದ್ದರು. ನಿಶ್ಮಿತಾ ಒಬ್ಬಳು ಮಾತ್ರ ಶೀತದ ಕಾಲಂನಲ್ಲಿ ಸೌದಿ ಅರೇಬಿಯಾದ ಹೆಸರು ಬರೆದಿದ್ದಳು. ‘ಎತ್ತರದ ಬೆಟ್ಟದಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ, ಪಾದ ಮುಳುಗುವಷ್ಟು. ವರ್ಷವಿಡೀ ಹಸಿರಾಗಿರುವ ಮರಗಳ ಕಾಡು ಇದೆ. ನಮ್ಮ ಪಪ್ಪ ನೋಡಿದ್ದಾರೆ.’

ಪಪ್ಪ ನೋಡಿದ್ದಾರಂತೆ! ಪರೀಕ್ಷೆಯ ಉತ್ತರಕ್ಕೆ ಪಪ್ಪ ಸಾಕ್ಷಿ! ಸೊನ್ನೆ ಹಾಕಿದೆ. ಸೊನ್ನೆ ಹಾಕಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪೇಪರ್ ಹಿಂದಿರುಗಿಸುವ ದಿನ ಅದನ್ನು ಇಡೀ ತರಗತಿಯ ಎದುರು ಜೋರಾಗಿ ಓದಿದೆ.

ಹಾಗೆ ಓದಲು ಕಾರಣವೂ ಇತ್ತು. ಆ ಪಪ್ಪ ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಿಶ್ಮಿತಾಳ ಅಪ್ಪ ಸಂಕಪ್ಪ, ಮೂಲ್ಕಿ ಕಡೆಯವರು. ಕತಾರಿನ ಪಶ್ಚಿಮ ತೀರದ ದುಖಾನಿನಲ್ಲಿ ಒಂದು ಕೇಟರಿಂಗ್ ಕಂಪನಿಯ ಮೆಸ್ ನೋಡಿಕೊಳ್ಳುತ್ತಿದ್ದರು. ಹೆಂಡತಿ, ಮಗಳು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಫ್ಲಾಟಿನಲ್ಲಿದ್ದರು. ಅಪ್ಪ ಮಾತ್ರ ಗುರುವಾರ ಸಂಜೆ ದೋಹಾಕ್ಕೆ ಬಂದು ಶನಿವಾರ ವಾಪಸ್ಸು ಹೋಗುತ್ತಿದ್ದರು. ಕತಾರಿನ ಕನ್ನಡದವರಲ್ಲಿ ಸಂಕಪ್ಪನವರು ಎರಡು ವಿಷಯಕ್ಕೆ ಹೆಸರುವಾಸಿ. ಒಂದು ಅವರ ನೀರುದೋಸೆ, ಇನ್ನೊಂದು ಅವರು ಬಿಡುವ ಬಂಡಲ್.

ಡಿಸೆಂಬರಿನಲ್ಲಿ ದುಖಾನಿನ ಬೀಚಿನಲ್ಲಿ ನಮ್ಮೆಲ್ಲರ ಪಿಕ್ನಿಕ್ ಆಗಿತ್ತು. ದೋಸೆಯ ಕಾವಲಿಯ ಹತ್ತಿರ ನಿಂತವರಿಗೆ ಅವರು ತಾವು ಹಿಡಿದ ಹಮೂರ್ ಮೀನಿನ ಕಥೆ ಹೇಳಿದರು. ಮೀನು ಎಂಟು ಕಿಲೋ ಇತ್ತು. ಚಾಪೆಯ ಮೇಲೆ ಕೂತ ಹೆಂಗಸರ ಹತ್ತಿರ ಬರುವಷ್ಟರಲ್ಲಿ ಅದು ಹದಿನಾಲ್ಕು ಕಿಲೋ ಆಗಿತ್ತು. ವಾಲಿಬಾಲ್ ಆಡುತ್ತಿದ್ದ ಗಂಡಸರನ್ನು ಮುಟ್ಟಿದಾಗ ಇಪ್ಪತ್ತೆರಡು ಕಿಲೋ, ಮತ್ತು ಅದರ ಹೊಟ್ಟೆಯಲ್ಲಿ ಒಂದು ಮೊಬೈಲ್ ರಿಂಗ್ ಆಗುತ್ತಿತ್ತು.

“ಎತ್ತಿ ಹಲೋ ಹೇಳಿದೆ ಮಾರಾಯ್ರೆ,” ಎಂದರು ಸಂಕಪ್ಪ. “ಆ ಕಡೆ ಯಾರು ಗೊತ್ತುಂಟಾ? ಮೊಬೈಲಿನ ಓನರ್. ‘ಮೀನು ನಿಮಗೇ ಇರ್ಲಿ, ಸಿಮ್ ಮಾತ್ರ ಕೊಡಿ’ ಹೇಳಿದ!”

ಆಮೇಲೆ ತುಳು ಕಲಿತ ಒಂಟೆಯ ಕಥೆ ಬಂತು. ‘ಬಲೆ’ ಎಂದರೆ ಅದು ಬರುತ್ತಿತ್ತಂತೆ, ‘ಪೋಲೆ’ ಎಂದರೆ ಹೋಗುತ್ತಿತ್ತಂತೆ, ಅರಬಿಯಲ್ಲಿ ಕರೆದರೆ ಮಾತ್ರ ಮುಖ ತಿರುಗಿಸುತ್ತಿತ್ತಂತೆ. ನಾನೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ನಗುತ್ತಲೇ ಏಳು ದೋಸೆ ತಿಂದೆ. ಅಂಥವರ ಮಗಳು ಸೌದಿಯ ಮರಳಿನ ಮೇಲೆ ಹಿಮ ಸುರಿಸಿದರೆ ಯಾರು ತಾನೇ ನಂಬುತ್ತಾರೆ?

ತರಗತಿಯಲ್ಲಿ ನಾನು ಓದಿ ಮುಗಿಸಿದ ಕೂಡಲೇ ಹಿಂದಿನ ಬೆಂಚಿನಿಂದ ಕೃತಿಕ್ ಎದ್ದುನಿಂತ. ಅವನೂ ಪಿಕ್ನಿಕ್ಕಿಗೆ ಬಂದಿದ್ದವನು. “ಮಿಸ್, ಇವಳ ಪಪ್ಪನ ಕ್ಯಾಮೆಲ್ ತುಳು ಮಾತಾಡ್ತದೆ!” ಎಂದ. ಇಡೀ ತರಗತಿ ಘೊಳ್ಳೆಂದಿತು. ನಾನೂ ನಕ್ಕೆ. ಸೊನ್ನೆ ಹಾಕಿದ್ದಕ್ಕೆ ಏನಾದರೂ ಸಮಜಾಯಿಷಿ ಕೊಡಬಹುದು, ನಮಗೆ ಕೊಟ್ಟ ಸರಿ ಉತ್ತರಗಳ ಕೀ ಹಾಗಿತ್ತು ಎನ್ನಬಹುದು. ಆ ನಗುವಿಗೆ ಯಾವ ಕೀ ಕೂಡ ಇಲ್ಲ.

ನಿಶ್ಮಿತಾ ಅಳಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಜಾಮಿಟ್ರಿ ಬಾಕ್ಸಿನಲ್ಲಿಟ್ಟುಕೊಂಡಳು.

ಮರುದಿನ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಹಾರ್ಲಿಕ್ಸ್ ಬಾಟಲಿ ಇಟ್ಟಳು. ಒಳಗೆ ಗೇಣುದ್ದದ ಒಣಗಿದ ರೆಂಬೆ, ಅದರ ಬುಡದಲ್ಲಿ ಕಡಲೆಗಿಂತ ಸ್ವಲ್ಪ ದೊಡ್ಡದಾದ ನಾಲ್ಕೈದು ಕಂದು ಕಾಯಿ.

“ಆ ಕಾಡಿಂದು, ಮಿಸ್. ಪಪ್ಪ ತಂದದ್ದು. ತಬೂಕ್ ಹತ್ರ ಹಿಲ್ಸ್ ಉಂಟು, ಅಲ್ಲಿ ಪಪ್ಪ ರೋಡ್ ಕ್ಯಾಂಪಲ್ಲಿ ಕುಕ್ ಆಗಿದ್ರು. ನಾನು ಹುಟ್ಟುವಾಗ.”

ನನ್ನ ಪಕ್ಕದ ಮೇಜು ಸ್ಟೆಲ್ಲಾಳದು. ಡ್ರಾಯಿಂಗ್ ಮತ್ತು ಹೊಲಿಗೆ ಕಲಿಸುತ್ತಾಳೆ, ಮಲ್ಪೆಯವಳು, ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದ್ದಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, “ಅಯ್ಯೋ, ಇದು ಗಾಳಿಮರ ಅಲ್ವಾ? ನಮ್ಮ ಬೀಚಲ್ಲಿ ಕಸದ ಹಾಗೆ ಬಿದ್ದಿರ್ತದೆ. ಕಾಯಿ ಕೂಡ ಹಾಗೇ ಉಂಟು,” ಎಂದಳು.

ನಿಶ್ಮಿತಾಳ ಮುಖ ಸಪ್ಪಗಾಯಿತು. ಕಳೆದ ರಜೆಯಲ್ಲಿ ಅವಳೂ ಊರಿನ ಕಡಲ ತೀರದಲ್ಲಿ ಗಾಳಿಮರ ನೋಡಿದ್ದಳು. ಅದು ನೆನಪಾಗುತ್ತಿದ್ದದ್ದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು.

“ಮಿಸ್, ಪಪ್ಪ ಇದನ್ನೂ ಬಂಡಲ್ ಬಿಟ್ಟದ್ದಾ?”

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನುವ ಅಭ್ಯಾಸ ಹದಿನೇಳು ವರ್ಷದಲ್ಲಿ ನನಗೆ ಆಗಿರಲಿಲ್ಲ. “ಅದನ್ನ ನಿಮ್ಮ ಪಪ್ಪನ್ನೇ ಕೇಳಮ್ಮ,” ಎಂದೆ. ಅವಳು ಬಾಟಲಿ ಅಲ್ಲೇ ಬಿಟ್ಟು ಹೋದಳು. ನೆನಪಿಸಿ ಕರೆದರೂ ತಿರುಗಲಿಲ್ಲ.

ಅವಳು ಅಪ್ಪನನ್ನು ಏನೂ ಕೇಳಲಿಲ್ಲ ಎಂದು ನನಗೆ ತಿಳಿದದ್ದು ಮುಂದಿನ ಶನಿವಾರ. ಗ್ರೋಸರಿಯಲ್ಲಿ ಸಂಕಪ್ಪನವರು ಸಿಕ್ಕಿದರು. ಕೈಯಲ್ಲಿ ಒಂದು ಕಟ್ಟು ಹರಿವೆ ಸೊಪ್ಪು ಹಿಡಿದು, ಎಂದಿನ ಹಾಗೆ ಜೋರಾಗಿ ಮಾತಾಡಿಸದೆ, ಮೆಲ್ಲಗೆ ಹತ್ತಿರ ಬಂದರು.

“ಟೀಚರೇ, ಶಾಲೆಯಲ್ಲಿ ಎಂತಾದ್ರೂ ಆಯ್ತಾ? ನಿನ್ನೆ ಊಟಕ್ಕೆ ಕೂತಾಗ ಹೊಸ ಕಥೆ ಒಂದು ಶುರು ಮಾಡಿದೆ. ಮಗಳು ತಟ್ಟೆ ನೋಡ್ಕೊಂಡೇ ತಿಂದ್ಳು. ‘ಮತ್ತೆ?’ ಕೂಡ ಕೇಳ್ಲಿಲ್ಲ. ಅವಳು ‘ಮತ್ತೆ?’ ಕೇಳ್ದಿದ್ರೆ ನಂಗೆ ಕಥೆ ಮುಂದೆ ಹೋಗುದೇ ಇಲ್ಲ.”

“ಏನಿಲ್ಲ ಬಿಡಿ, ಟೆಸ್ಟಲ್ಲಿ ಒಂದು ಉತ್ತರ ತಪ್ಪಾಗಿತ್ತು,” ಎಂದು ನಾನು ಟೊಮೇಟೊ ಆರಿಸತೊಡಗಿದೆ. ಕೊಳೆತ ಎರಡನ್ನು ಚೀಲಕ್ಕೆ ಹಾಕಿಕೊಂಡಿದ್ದೆ ಎಂದು ಮನೆಗೆ ಬಂದಮೇಲೆ ಗೊತ್ತಾಯಿತು.

ಮುದ್ದುಕೃಷ್ಣ ಸೋಫಾದಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದರು. ನಡೆದದ್ದನ್ನೆಲ್ಲ ನಾನು ಅವರಿಗೆ ಆಗಲೇ ಹೇಳಿದ್ದೆ, ನನ್ನ ನಗುವಿನ ಭಾಗ ಬಿಟ್ಟು. ಅವರು ಪೇಪರನ್ನು ನನ್ನ ಕಡೆ ತಿರುಗಿಸಿದರು.

“ಭಾನು, ಕನ್ನಡಕ ಹಾಕ್ಕೊಂಡು ಇಲ್ಲಿ ನೋಡು.”

ಆ ಜನವರಿಯಲ್ಲಿ ಎಲ್ಲ ಕಡೆಯೂ ವಿಪರೀತ ಚಳಿ. ಬಾಗ್ದಾದಿನಲ್ಲೇ ಹಿಮ ಬಿದ್ದು ಜನ ಬೀದಿಗೆ ಬಂದು ನೋಡಿದರಂತೆ. ದೋಹಾದಲ್ಲಿ ನಾವು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೆವು. ಪೇಪರಿನ ಒಳಪುಟದಲ್ಲಿ ಒಂದು ಫೋಟೋ ಇತ್ತು. ಬೆಳ್ಳಗಿನ ಇಳಿಜಾರು, ಮೈಮೇಲೆ ಬಿಳಿ ಬಿದ್ದ ಗಿಡ್ಡ ಮರಗಳು, ಮಧ್ಯೆ ಏನೂ ಅರ್ಥವಾಗದೆ ನಿಂತ ಎರಡು ಒಂಟೆ. ಕೆಳಗೆ, ಸೌದಿಯ ತಬೂಕ್ ಬಳಿಯ ಬೆಟ್ಟಗಳಲ್ಲಿ ಹಿಮಪಾತ ಎಂದು ಬರೆದಿತ್ತು.

“ನಿಮ್ಮ ಪುಸ್ತಕ ಓದಿಲ್ಲ ಅಂತ ಕಾಣತ್ತೆ ಆ ಬೆಟ್ಟ,” ಎಂದರು ಯಜಮಾನರು.

ಅವರ ಮೇಲೆ ಸಿಟ್ಟು ಬಂತು, ಪೇಪರಿನ ಮೇಲೆ ಬಂತು, ಒಂಟೆಗಳ ಮೇಲೂ ಬಂತು. ಯಾವುದೂ ನಿಲ್ಲಲಿಲ್ಲ. ಕೊನೆಗೆ ಬಂದು ನಿಂತದ್ದು ನನ್ನ ಮೇಲೆಯೇ. ಎತ್ತರ ಹೆಚ್ಚಿದಂತೆ ಚಳಿ ಹೆಚ್ಚುತ್ತದೆ ಎಂದು ನಾನೇ ಐದನೇ ಕ್ಲಾಸಿಗೂ ಹೇಳಿಕೊಡುತ್ತೇನೆ. ಬಾಲ್ಕನಿಯಿಂದ ಕಾಣುವ ಮರಳನ್ನು ನೋಡಿ ನೋಡಿ, ಅರೇಬಿಯಾ ಎಂದರೆ ಇಷ್ಟೇ, ಚಪ್ಪಟೆ, ಬಿಸಿ ಎಂದು ನಂಬಿಕೊಂಡಿದ್ದೆ.

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಶಾಲೆಯಲ್ಲಿ ಪೇಪರನ್ನು ಸ್ಟೆಲ್ಲಾಳಿಗೆ ತೋರಿಸಿದೆ. ಅವಳು ಬಾಟಲಿಯ ಮುಚ್ಚಳ ತೆಗೆದು ರೆಂಬೆಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದಳು.

“ಸಣ್ಣದಿರುವಾಗ ನಾವು ಒಂದು ಆಟ ಆಡ್ತಿದ್ದೆವು, ಭಾನು ಮಿಸ್. ಗಾಳಿಮರದ ಎಲೆ ಗಂಟಿನಲ್ಲಿ ಕಳಚ್ತದೆ. ಕಳಚಿ ಪುನಃ ಸಿಕ್ಕಿಸಿ, ಎಲ್ಲಿ ಕಳಚಿದ್ದು ಹೇಳು ಅಂತ ಕೇಳುದು. ಇದರಲ್ಲಿ ಗಂಟೇ ಇಲ್ಲ ನೋಡಿ, ಜಡೆ ಹೆಣೆದ ಹಾಗೆ ಉಂಟು. ಛೆ, ಮುಚ್ಚಳ ತೆಗೀದೆ ಮಾತಾಡಿದ್ದು ನಾನು.”

ನಾನು ರೆಂಬೆಯನ್ನು ಮೂಗಿಗೆ ಹಿಡಿದೆ. ಮುರಿದ ಜಾಗದಲ್ಲಿ ಹೊಸದಾಗಿ ಕೆತ್ತಿದ ಪೆನ್ಸಿಲಿನ ವಾಸನೆ ಇತ್ತು. ಹದಿನೇಳು ವರ್ಷ ಪೆನ್ಸಿಲಿನ ವಾಸನೆಯ ಮಧ್ಯೆ ಬದುಕಿದವಳು ನಾನು. ಆ ವಾಸನೆಯಲ್ಲಿ ತಪ್ಪು ಮಾಡುವುದಿಲ್ಲ. ಗಾಳಿಮರಕ್ಕೆ ಅದಿಲ್ಲ.

ಬೆಲ್ ಆಗುವ ಮೊದಲೇ ನಿಶ್ಮಿತಾಳನ್ನು ಕರೆದು ಫೋಟೋ ತೋರಿಸಿದೆ. ಅಂಕ ಪೂರ್ತಿ ಕೊಡುತ್ತೇನೆ ಎಂದೆ. ಅವಳು ಫೋಟೋವನ್ನು ಬಹಳ ಹೊತ್ತು ನೋಡಿದಳು. ನಾನು ಒಂದು ನಗು ಬರುತ್ತದೆಂದು ಕಾಯುತ್ತಿದ್ದೆ.

“ಸ್ನೋ ಇರ್ಬಹುದು ಮಿಸ್. ಆದ್ರೆ ಪಪ್ಪ ಅಲ್ಲಿ ಇದ್ರಾ? ಯಾರೋ ಹೇಳಿದ್ದನ್ನ ಪಪ್ಪ ತಾನೇ ನೋಡಿದ್ದು ಅಂತ ಹೇಳಿದ್ದಾಗಿದ್ರೆ? ಕೃತಿಕ್ ಹಾಗೇ ಹೇಳ್ತಾನೆ.”

ಅಂಕ ನನ್ನ ಕೈಯಲ್ಲಿತ್ತು, ಕೊಟ್ಟೆ. ಅವಳು ಕೇಳಿದ್ದು ನನ್ನ ಕೈಯಲ್ಲಿರಲಿಲ್ಲ. ಹನ್ನೆರಡು ವರ್ಷದ ಹುಡುಗಿ ತನ್ನ ಅಪ್ಪನ ಎಲ್ಲ ಕಥೆಗೂ ನಗುತ್ತಾ, ಇದೊಂದನ್ನು ಮಾತ್ರ ನಿಜವೆಂದು ಪಕ್ಕಕ್ಕೆ ಎತ್ತಿಟ್ಟುಕೊಂಡಿದ್ದಳು. ಅದನ್ನು ನಾನು ಮೂವತ್ತೇಳು ಜನರ ಜೊತೆ ಸೇರಿ ನಕ್ಕು ಕೆಡಿಸಿದ್ದೆ.

ಮಧ್ಯಾಹ್ನ ದುಖಾನಿಗೆ ಫೋನ್ ಮಾಡಿ ಸಂಕಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಈ ಸಲ ನಗುವಿನ ಭಾಗವನ್ನೂ ಸೇರಿಸಿ.

“ನೀವು ಬಂದು ಮಕ್ಕಳ ಎದುರಿಗೆ ಹೇಳ್ಬೇಕು ಸಂಕಪ್ಪನವ್ರೆ. ನಡೆದದ್ದು ನಡೆದ ಹಾಗೆ. ದಯವಿಟ್ಟು ಒಂದು ಒಂಟೆನೂ ಕರ್ಕೊಂಡು ಬರ್ಬೇಡಿ.”

“ಆಯ್ತು ಟೀಚರೇ. ಗುರುವಾರ ಬರ್ತೇನೆ,” ಎಂದರು. ಅಷ್ಟೇ. ಅವರ ಬಾಯಿಂದ ಅಷ್ಟು ಗಿಡ್ಡ ಉತ್ತರ ನಾನು ಕೇಳಿದ್ದು ಅದೇ ಮೊದಲು.

ಗುರುವಾರದವರೆಗೆ ನನಗೆ ಒಂದೇ ಚಿಂತೆ. ಪ್ರಿನ್ಸಿಪಾಲರಿಗೆ ಗೆಸ್ಟ್ ಲೆಕ್ಚರ್ ಎಂದು ಹೇಳಿ ಅನುಮತಿ ಪಡೆದದ್ದು ದೊಡ್ಡ ವಿಷಯವಲ್ಲ. ಮೂವತ್ತೆಂಟು ಮಕ್ಕಳು ಬಾಯಿ ತೆರೆದು ಕೂತದ್ದನ್ನು ನೋಡಿದ ಮೇಲೆ ಸಂಕಪ್ಪನವರು ಸುಮ್ಮನಿರುತ್ತಾರೆಯೇ? ಹಿಮ ಸೊಂಟದವರೆಗೆ ಬಂದರೆ? ಅದರೊಳಗಿನಿಂದ ಮೊಬೈಲ್ ರಿಂಗ್ ಆದರೆ? ಒಂದೇ ಒಂದು ಅಲಂಕಾರ ಸೇರಿದರೂ ಆ ಹುಡುಗಿಯ ಪಾಲಿಗೆ ಎಲ್ಲ ಖಲಾಸ್.

ಗುರುವಾರ ಮೂರನೇ ಪೀರಿಯಡ್ಡಿಗೆ ಅವರು ಬಂದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ದುಖಾನಿನಿಂದ ಬೆಳಿಗ್ಗೆಯೇ ಹೊರಟಿದ್ದರಂತೆ. ಬಾಟಲಿ ನನ್ನ ಮೇಜಿನ ಮೇಲಿತ್ತು. ಅದನ್ನು ನೋಡಿದರು, ಆಮೇಲೆ ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ಮಗಳನ್ನು ನೋಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ಒಂಟೆಯ ಹಾಗೆ ಸದ್ದು ಮಾಡಿದರು. ನಾನು ಕಣ್ಣು ಬಿಟ್ಟ ಮೇಲೆ ನಿಂತಿತು.

ತರಗತಿಯಲ್ಲಿ ಎಲ್ಲ ರಾಜ್ಯದ ಮಕ್ಕಳೂ ಇದ್ದದ್ದರಿಂದ ಅವರು ಹೇಳಿದ್ದು ಹಿಂದಿಯಲ್ಲಿ. ಇಪ್ಪತ್ತು ವರ್ಷ ಗಲ್ಫಿನ ಕ್ಯಾಂಪುಗಳಲ್ಲಿ ಹಿಂದಿಯಲ್ಲೇ ಬಂಡಲ್ ಬಿಟ್ಟವರು, ಆದ್ದರಿಂದ ಭಾಷೆ ಬಾರದೆ ಚಿಕ್ಕದು ಮಾಡಿದರು ಎಂದು ಯಾರೂ ತಿಳಿಯಬಾರದು. ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ, ಒಂದು ಪದವನ್ನೂ ಸೇರಿಸಿಲ್ಲ.

“ನಾನು ತಬೂಕಿನ ಹತ್ತಿರ ಬೆಟ್ಟದ ಮೇಲೆ ರಸ್ತೆ ಮಾಡುವವರ ಕ್ಯಾಂಪಿನಲ್ಲಿ ಅಡುಗೆಯವ. ಒಂದು ಬೆಳಿಗ್ಗೆ ಬಾಗಿಲು ತೆಗೆದೆ, ಹೊರಗೆ ಬೆಳ್ಳಗಿತ್ತು. ಅಲ್ಲಿ ಅರ್‌ಅರ್ ಅಂತ ಮರ ಇದೆ, ಚಳಿಗಾಲದಲ್ಲೂ ಎಲೆ ಬೀಳುವುದಿಲ್ಲ. ಕಾಡು ಅಂದರೆ ನಮ್ಮ ಊರಿನಷ್ಟು ದಟ್ಟ ಇಲ್ಲ, ದೂರ ದೂರ ಇರುತ್ತದೆ. ಮರದ ಮೇಲೆಲ್ಲ ಹಿಮ ಇತ್ತು. ನೋಡಿದೆ. ಅಷ್ಟೇ.”

ತರಗತಿ ಕಾಯಿತು. ಮುಂದೆ ಏನೂ ಬರಲಿಲ್ಲ. ಕೃತಿಕ್‌ಗೆ ತಡೆಯಲಾಗಲಿಲ್ಲ, ಎದ್ದುನಿಂತ.

“ಅಂಕಲ್, ಎಷ್ಟು ಸ್ನೋ? ಕ್ಯಾಂಪಿನ ರೂಫ್‌ವರೆಗೆ ಬಂದಿತ್ತಾ?”

ಬಂಡಲಿಗೆ ಬಾಗಿಲು ಇಷ್ಟಗಲ ತೆರೆದುಕೊಟ್ಟ ಹಾಗಾಯಿತು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಿಶ್ಮಿತಾ ಮೊದಲ ಸಲ ತಲೆ ಎತ್ತಿ ಅಪ್ಪನ ಬಾಯಿಯನ್ನೇ ನೋಡಿದಳು. ಸಂಕಪ್ಪನವರು ಬಗ್ಗಿ ತಮ್ಮ ಚಪ್ಪಲಿಯ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರು.

“ಇಷ್ಟು. ಪಾದ ಮುಳುಗಿತು.”

“ಆಮೇಲೆ ಏನ್ ಮಾಡಿದ್ರಿ?”

“ಚಪಾತಿ ಮಾಡ್ಲಿಕ್ಕೆ ಹೋದೆ. ಎಂಬತ್ತು ಜನ ಇದ್ದರು.”

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಒಂದು ಹುಡುಗಿ, ಹಾಗಾದರೆ ಈ ರೆಂಬೆ ಯಾಕೆ ತಂದಿರಿ ಎಂದು ಕೇಳಿದಳು. ಸಂಕಪ್ಪನವರು ಬಾಟಲಿಯನ್ನು ಕೈಗೆ ತೆಗೆದುಕೊಂಡರು. ಈಗ ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು, ತರಗತಿಗಲ್ಲ, ಎರಡನೇ ಸಾಲಿಗೆ.

“ಅವತ್ತು ಮಧ್ಯಾಹ್ನ ನೀರಿನ ಟ್ಯಾಂಕರಿನ ಮೊಯ್ದಿನ್ ಕೆಳಗಿನ ಆಫೀಸಿಂದ ಟೆಲಿಗ್ರಾಂ ತಂದ. ಹೆಣ್ಣು ಮಗು ಅಂತ ಇತ್ತು. ಹೊರಗೆ ಹೋಗಿ ಒಂದು ಗೆಲ್ಲು ಮುರಿದೆ. ನಿನ್ನನ್ನು ನೋಡ್ಲಿಕ್ಕೆ ರಜೆ ಸಿಗುವಾಗ ಹದಿನಾಲ್ಕು ತಿಂಗಳಾಯ್ತು. ಅಷ್ಟು ದಿನ ಇದನ್ನೇ ನೋಡ್ತಿದ್ದೆ.”

“ಅದನ್ನ ನನ್ಗೆ ಹೇಳೇ ಇಲ್ಲ ಪಪ್ಪ,” ಎಂದಳು ನಿಶ್ಮಿತಾ.

“ಮರುಭೂಮಿಯಲ್ಲಿ ಸ್ನೋ ಬಿದ್ದ ದಿನವೇ ಮಗಳು ಹುಟ್ಟಿದ ಸುದ್ದಿ ಬಂತು ಅಂದ್ರೆ, ನನ್ನ ಬಾಯಿಂದ, ಯಾರು ನಂಬ್ತಾರೆ ಮಗಾ? ಬಂಡಲ್ ಹಾಗೆ ಕೇಳ್ತದೆ. ಅದಕ್ಕೇ ಅರ್ಧ ಮಾತ್ರ ಹೇಳಿದ್ದು.”

ನಿಶ್ಮಿತಾ ಎದ್ದು ಬಂದು ಅಪ್ಪನ ಕೈಯಿಂದ ಬಾಟಲಿ ತೆಗೆದುಕೊಂಡಳು. ಕೃತಿಕ್‌ನ ಕಡೆ ತಿರುಗಿ, ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

“ಮಿಸ್, ಇದು ನಿಜ. ಬಂಡಲ್ ಬಿಡುವಾಗ ಪಪ್ಪ ಇಷ್ಟು ಶಾರ್ಟ್ ಮಾತಾಡುದೇ ಇಲ್ಲ.”

ನಾನು ಹಿಂದಿನ ರಾತ್ರಿ ಒಂದು ಭಾಷಣ ತಯಾರು ಮಾಡಿದ್ದೆ. ಪಠ್ಯಪುಸ್ತಕದ ಮಿತಿ, ಲಡಾಖಿನ ಎತ್ತರ, ಉತ್ತರದ ಕೀ ಎಲ್ಲವೂ ಅದರಲ್ಲಿತ್ತು, ಎರಡು ಪುಟ. ಆ ಹಾಳೆಯನ್ನು ಪುಸ್ತಕದೊಳಗೆ ಹಾಗೇ ಬಿಟ್ಟೆ.

“ನಿಶ್ಮಿತಾ, ಉತ್ತರ ಸರಿ ಇತ್ತು. ತಪ್ಪು ನನ್ನದು. ನಕ್ಕದ್ದು ಇನ್ನೂ ದೊಡ್ಡ ತಪ್ಪು,” ಎಂದೆ. ತರಗತಿಯ ಎದುರಿಗೆ ನಾನು ಹಾಗೆ ಹೇಳಿದ್ದು ಹದಿನೇಳು ವರ್ಷದಲ್ಲಿ ಅದೇ ಮೊದಲು. ಹೇಳಿದ ಮೇಲೂ ಮಕ್ಕಳು ಮೊದಲಿನಷ್ಟೇ ಹೆದರಿಕೊಂಡಿದ್ದರು, ಅದೊಂದು ಸಮಾಧಾನ.

ಫೆಬ್ರವರಿಯಲ್ಲಿ ಮತ್ತೆ ದುಖಾನ್ ಬೀಚಿನಲ್ಲಿ ಪಿಕ್ನಿಕ್ ಆಯಿತು. ಕಾವಲಿಯ ಹತ್ತಿರ ಹೋದಾಗ ಸಂಕಪ್ಪನವರು ನನ್ನ ತರಗತಿಯ ಕಥೆಯನ್ನೇ ಹೇಳುತ್ತಿದ್ದರು. ಅದರಲ್ಲಿ ಪ್ರಿನ್ಸಿಪಾಲರು ಬಂದು ಅವರ ಕೈ ಕುಲುಕಿದ್ದರು. ಚಾಪೆಯ ಹತ್ತಿರ ಬರುವಷ್ಟರಲ್ಲಿ ಪ್ರಿನ್ಸಿಪಾಲರ ಜೊತೆ ರಾಯಭಾರಿ ಕಚೇರಿಯವರೂ ಬಂದಿದ್ದರು. ನಾನು ಕರವಸ್ತ್ರ ಒದ್ದೆ ಮಾಡಿ ಮಾಡಿ ಸ್ಟೆಲ್ಲಾಳದನ್ನೂ ಇಸಿದುಕೊಂಡಿದ್ದೆ. ವಾಲಿಬಾಲಿನ ಕಡೆ ತಲುಪಿದಾಗ ಅವರಿಗೆ ಶಾಲೆಯಲ್ಲಿ ಪರ್ಮನೆಂಟ್ ಕೆಲಸ ಕೊಡುತ್ತೇವೆಂದು ದುಂಬಾಲು ಬಿದ್ದಿದ್ದೆವು, ಅವರೇ ಬೇಡವೆಂದರು.

“ಮತ್ತೆ?” ಎಂದು ಕೇಳುತ್ತಾ ನಿಶ್ಮಿತಾ ಅವರ ಹಿಂದಿನಿಂದಲೇ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ನಡೆಯುತ್ತಿದ್ದಳು.

ನಾನು ದೋಸೆಯ ತಟ್ಟೆ ಹಿಡಿದು ಮೂರೂ ಕಡೆ ನಿಂತು ಕಿವಿಗೊಟ್ಟು ಕೇಳಿದೆ. ಎಲ್ಲವೂ ಬೆಳೆದಿತ್ತು. ಹಿಮ ಮಾತ್ರ ಪಾದದಿಂದ ಮೇಲೆ ಏರಲಿಲ್ಲ.